ಮಳೆಯ ಪಾಲು

ಮರ್ಫಿ ಟೌನಿನಲ್ಲಿ ವೆಂಕಟಸ್ವಾಮಿಯನ್ನು ಯಾರೂ ಬರೀ ವೆಂಕಟಸ್ವಾಮಿ ಅನ್ನುವುದಿಲ್ಲ, ಪಾಯಿಂಟ್ ವೆಂಕಟಸ್ವಾಮಿ ಅನ್ನುತ್ತಾರೆ. ಮೂವತ್ತೆಂಟು ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಉಕ್ಕು ಕೊರೆದ ಮನುಷ್ಯ. ಮಿಲಿಮೀಟರನ್ನು ನೂರು ಭಾಗ ಮಾಡಿ, ಅದರಲ್ಲಿ ಒಂದು ಭಾಗ ಹೆಚ್ಚುಕಡಿಮೆಯಾದರೂ ಆ ದಿನ ಊಟ ಬಿಡುತ್ತಿದ್ದವನು. ಹೆಂಡತಿ ಮುನಿಲಕ್ಷ್ಮಮ್ಮ ತಟ್ಟೆಗೆ ಎರಡು ಮುದ್ದೆ ಇಟ್ಟರೆ, ಎರಡೂ ಒಂದೇ ಗಾತ್ರ ಇವೆಯೇ ಎಂದು ಕಣ್ಣಲ್ಲೇ ಅಳೆಯುತ್ತಿದ್ದ. ಅವಳು ಬೇಕಂತಲೇ ಒಂದನ್ನು ದಪ್ಪ ಕಟ್ಟುತ್ತಿದ್ದಳು ಅನ್ನುವುದು ಬೇರೆ ಮಾತು.

ಇಂಥವನಿಗೆ ನಿವೃತ್ತಿಯಾದ ಮೇಲೆ ಮರದ ಕೆಲಸ ಗಂಟುಬಿತ್ತು. ಗಂಟು ಹಾಕಿದವರು ಆಂಜನಮ್ಮ.

ಆಂಜನಮ್ಮ ಬೀದಿಗೆಲ್ಲ ಹಿರಿಯರು, ಎಂಬತ್ತನಾಲ್ಕು ವರ್ಷ. ಮೂವತ್ತೊಂದು ವರ್ಷದ ಹಿಂದೆ ಬೀದಿಯ ಕೊನೆಯ ಹಳೆಯ ವಿಹಾರದ ಸೂರು ಬಿದ್ದುಹೋದಾಗ, ಅಲ್ಲಿದ್ದ ಬುದ್ಧನನ್ನು ಮಡಿಲಲ್ಲಿ ಹೊತ್ತು ಮನೆಗೆ ತಂದವರು ಅವರೇ. ಒಂದು ಮೊಳ ಎತ್ತರದ ಬಿಳಿ ಕಲ್ಲಿನ ಬುದ್ಧ; ಅವರ ಗಂಡ ನಾಗಪುರದಿಂದ ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು. ಅಂದಿನಿಂದ ಅಡಿಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಮೇಲಿನ ಹಲಗೆಯೇ ಬುದ್ಧನ ಜಾಗ. ಈಗ ಹೊಸ ವಿಹಾರ ಏಳುತ್ತಿತ್ತು, ಆದರೆ ಆಂಜನಮ್ಮನ ಕಣ್ಣು ಆರುತ್ತಿತ್ತು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣು ಈ ವರ್ಷ ದಾಟಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು.

"ವೆಂಕಟಾ, ಬುದ್ಧನಿಗೆ ಒಂದು ಗೂಡು ಮಾಡ್ಕೊಡಪ್ಪ. ಅಂಗಡೀದು ಬೇಡ. ಬಾಗಿಲಿರೋ ಗೂಡು," ಅಂದರು ಅವರು. "ಪೂರ್ಣಿಮೆ ದಿನ ನಾನೇ ನನ್ನ ಕೈಯಾರೆ ಬಾಗಿಲು ತೆಗೆದು ನೋಡ್ಬೇಕು. ಒಂದ್ಸಲ ನೋಡ್ಬಿಟ್ರೆ ಸಾಕು, ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

"ಆಯ್ತಮ್ಮ, ಮಾಡ್ತೀನಿ," ಅಂದುಬಿಟ್ಟ ವೆಂಕಟಸ್ವಾಮಿ. ಜೀವಮಾನದಲ್ಲಿ ಒಂದು ಮಣೆಯನ್ನೂ ಮಾಡಿದವನಲ್ಲ. ಹೇಳಿದ್ದು ಫೆಬ್ರವರಿಯಲ್ಲಿ, ಬುದ್ಧ ಪೂರ್ಣಿಮೆ ಮೇ ತಿಂಗಳಲ್ಲಿ.

ಮನೆಯ ಹಿಂದೆ ಸಿಮೆಂಟ್ ಶೀಟು ಹೊದಿಸಿದ ಸ್ಕೂಟರ್ ಶೆಡ್ಡು ಇತ್ತು. ಅಲ್ಲಿದ್ದ ಒಡೆದ ಕೂಲರ್, ಒರಳುಕಲ್ಲು, ಮಗಳ ಹಳೆ ಸೈಕಲ್ಲು ಎಲ್ಲ ಹೊರಗೆ ಬಂದವು. ಎರಡು ಟ್ಯೂಬ್‌ಲೈಟು, ದಪ್ಪ ಹಲಗೆಯ ಒಂದು ಕೆಲಸದ ಮೇಜು ಒಳಗೆ ಹೋದವು. ಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆದು, ಯಾವ ಸಾಮಾನು ಎಲ್ಲಿ ತೂಗಬೇಕೋ ಅಲ್ಲಿ ಅದರದ್ದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದ. ಟೂಲ್‌ರೂಮಿನ ಪದ್ಧತಿ ಅದು. ನಟ್ಟನಡುವಿನ ಜಾಗ ಅವನ ಮೈಕ್ರೋಮೀಟರಿಗೆ. ಪಕ್ಕದಲ್ಲಿ ಒಂದು ಥರ್ಮಾಮೀಟರನ್ನೂ ತೂಗುಹಾಕಿದ, ಏಕೆಂದರೆ ಬಿಸಿಯಾದರೆ ಉಕ್ಕು ಹಿಗ್ಗುತ್ತದೆ, ಅಳತೆ ಕೆಡುತ್ತದೆ. ಬಿಸಿಗೆ ಹೆದರಿ ಹೆದರಿ ಅಭ್ಯಾಸವಾಗಿದ್ದ ಆಸಾಮಿಗೆ ನೀರಿನ ಯೋಚನೆ ಮಾತ್ರ ತಲೆಗೆ ಹೊಳೆಯಲಿಲ್ಲ. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

"ಮನೆ ಬಾಗಿಲು ಮಳೆಗಾಲದಲ್ಲಿ ಒದ್ದರೆ ಮಾತ್ರ ತೆಗೆಯುತ್ತೆ, ಅದನ್ನ ಮೊದಲು ಸರಿ ಮಾಡಿ," ಅಂದಳು ಮುನಿಲಕ್ಷ್ಮಮ್ಮ.

"ಅದು ಕಳಪೆ ಕೆಲಸ ಕಣೇ," ಅಂದ. ಅವಳ ಮಾತಿನಲ್ಲೇ ಪಾಠವಿತ್ತು. ಕೇಳಿಸಿಕೊಂಡರೆ ತಾನೆ.

ಉಪಕರಣ ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದ. ಗುಜರಿ ಅಂಗಡಿಯವನು ಇವನ ಪಟ್ಟಿ ನೋಡಿ, ಇದೆಲ್ಲ ಒಂದೇ ಕಡೆ ಬೇಕಾದರೆ ಬಡಗಿ ನಯಾಜ್ ಮೇಸ್ತ್ರಿ ಮನೆಗೆ ಹೋಗಿ ಅಂದ. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಲ್ಲಿಯ ಒಳಗಲ್ಲಿಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ, ಅವರ ಹೆಂಡತಿ ವಾಜಿದಾ ಮಂಚದ ಕೆಳಗಿನಿಂದ ಕಬ್ಬಿಣದ ಟ್ರಂಕನ್ನು ಎಳೆದರು. ಎಪ್ಪತ್ತು ದಾಟಿದ ಸಣಕಲು ಹೆಂಗಸು. ಎಳೆಯಲು ಇವನನ್ನು ಬಿಡಲಿಲ್ಲ.

ಒಂದೊಂದು ಉಪಕರಣವನ್ನೂ ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿ, ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದರು. ಹನ್ನೊಂದು ಉಳಿ, ನಾಲ್ಕು ಗರಗಸ, ಹುಣಸೆ ಮರದ ಕೊಡತಿ. ಕೊನೆಗೆ ಬೀಟೆ ಮರದ ದೊಡ್ಡ ತೋಪಡ, ಹಲಗೆಯನ್ನು ಹೆರೆದು ನಯ ಮಾಡುವಂಥದ್ದು. ಅದರ ಹಿಡಿಯ ಪಕ್ಕ, ಹೆಬ್ಬೆರಳು ಕೂರುವ ಕಡೆ, ಮರ ಸವೆದು ಸಣ್ಣ ಗುಳಿಯಾಗಿತ್ತು. ವೆಂಕಟಸ್ವಾಮಿ ತನ್ನ ಹೆಬ್ಬೆರಳಿಟ್ಟು ನೋಡಿದ; ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮೂವತ್ತೆಂಟು ವರ್ಷ ದುಡಿದರೂ ತನ್ನ ಬೆರಳು ಒಂದು ಯಂತ್ರದ ಹಿಡಿಯನ್ನೂ ಇಷ್ಟು ಸವೆಸಿಲ್ಲವಲ್ಲ ಅನ್ನಿಸಿ ಬೆರಗಾದ.

ತೋಪಡದ ತಳಕ್ಕೆ ಉಕ್ಕಿನ ಪಟ್ಟಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ನಡುವೆ ಒಂದು ಗೆರೆಯಷ್ಟು ಬೆಳಕೂ ನುಸುಳಲಿಲ್ಲ.

"ಇದನ್ನ ಯಾವ ಮೆಷಿನ್ನಲ್ಲಿ ಮಾಡಿಸಿದ್ರಮ್ಮ?"

"ಮೆಷಿನ್ನು ಎಲ್ಲಿಂದ ತರೋದು ಸಾರ್. ಭಾನುವಾರ ಆದ್ರೆ ಸಾಕು, ನಮ್ಮನೆಯೋರು ಕೂತ್ಕೊಂಡು ಕಡಪ ಕಲ್ಲಿನ ಮೇಲೆ ಉಜ್ಜೋರು. ನಾನು ಬೈಯೋಳು."

ವೆಂಕಟಸ್ವಾಮಿ ಪಟ್ಟಿಯನ್ನು ಇನ್ನೊಮ್ಮೆ ಹಿಡಿದು ನೋಡಿದ. ಇಂಥ ತಳ ತೆಗೆಯಲು ಅವನ ಟೂಲ್‌ರೂಮಿನಲ್ಲಿ ಒಂದು ಕೋಣೆಯಷ್ಟು ದೊಡ್ಡ ಯಂತ್ರವಿತ್ತು.

ಟ್ರಂಕಿನ ಸಮೇತ ಎಲ್ಲ ಕೊಂಡಾದ ಮೇಲೆ ವಾಜಿದಾ ಟ್ರಂಕಿನ ಮೂಲೆಯಿಂದ ಬೆರಳುದ್ದದ ಒಂದು ಬೀಟೆ ಚಕ್ಕೆ ತೆಗೆದರು. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು.

"ಬಾಗಿಲು ಮಾಡ್ತೀನಿ ಅಂದ್ರಲ್ಲ, ಇದು ಬೇಕಾಗುತ್ತೆ. ಮಳೆ ಪಾಲು ಅಂತ ಇರುತ್ತೆ ಸಾರ್, ಅದಕ್ಕೆ..."

"ಅಳತೆ ವಿಷ್ಯ ನನಗೆ ಬಿಡಿ ಅಮ್ಮಾ," ಎಂದು ಅವನು ನಕ್ಕ. ಮಳೆ ಪಾಲು ಅನ್ನುವುದು ಅವರ ಮನೆಯ ಯಾವುದೋ ನಂಬಿಕೆ ಇರಬೇಕು ಅಂದುಕೊಂಡ. ವಾಜಿದಾ ಒಂದು ಗಳಿಗೆ ಅವನ ಮುಖ ನೋಡಿ, ಚಕ್ಕೆಯನ್ನೂ ಟ್ರಂಕಿಗೆ ಹಾಕಿ ಮುಚ್ಚಿದರು. "ಕೆಲಸ ಮುಗಿದ ಮೇಲೆ ನನ್ನ ಕರೀಬೇಕು. ಅವರ ಸಾಮಾನು ಏನು ಮಾಡ್ತು ಅಂತ ನಾನು ನೋಡ್ಬೇಕು," ಅಂದರು.

ಚಕ್ಕೆಗೆ ಗೋಡೆಯ ಹಲಗೆಯಲ್ಲಿ ಜಾಗವಿರಲಿಲ್ಲ, ಇವನಿಗೆ ಅದರ ಹೆಸರೂ ಗೊತ್ತಿರಲಿಲ್ಲ. ಮೇಜಿನ ಒಂದು ಕಾಲು ಅಲುಗಾಡುತ್ತಿತ್ತು. ಅದರ ಅಡಿಗೆ ಕೊಟ್ಟ. ಮೇಜು ಗಟ್ಟಿಯಾಗಿ ನಿಂತಿತು.

ಮರ ಸಿಕ್ಕಿದ್ದು ಕಾಕ್ಸ್ ಟೌನಿನಲ್ಲಿ, ಫ್ಲಾಟು ಕಟ್ಟಲೆಂದು ಕೆಡವುತ್ತಿದ್ದ ಒಂದು ಹಳೆಯ ಬಂಗಲೆಯಲ್ಲಿ. ನೂರು ವರ್ಷ ಸೂರು ಹೊತ್ತ ತೇಗದ ತೊಲೆ, ಮಸಿ ಹಿಡಿದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಶೆಡ್ಡಿಗೆ ತಂದು, ಮಿಲ್ಲಿಗೆ ಒಯ್ಯುವ ಮೊದಲು ಒಳಗೆ ಹುಳು ಹಿಡಿದಿದೆಯೋ ನೋಡೋಣ ಎಂದು ನಯಾಜ್ ಮೇಸ್ತ್ರಿಯ ಗರಗಸದಿಂದ ತುದಿಯನ್ನು ಕೊಯ್ದ. ತುಂಡು ಕೆಳಗೆ ಬಿದ್ದಾಗ ಒಳಗೆಲ್ಲ ಜೇನಿನ ಬಣ್ಣ. ಜೊತೆಗೆ ಒಂದು ವಾಸನೆ ಎದ್ದು ಶೆಡ್ಡು ತುಂಬಿ, ಅಡಿಗೆಮನೆಯ ಕಿಟಕಿಯವರೆಗೂ ಹೋಯಿತು. ಮುನಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ರೀ ಇದು, ಇವತ್ತು ಕಡಿದ ಮರದ ಥರ ಘಮ್ ಅಂತಿದೆ."

"ನೂರು ವರ್ಷದ್ದು ಕಣೇ," ಅಂದ. ಇಬ್ಬರೂ ಆ ತುಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ನಿಂತರು. ಒಲೆಯ ಮೇಲಿನ ಸಾರು ಅಷ್ಟರಲ್ಲಿ ಉಕ್ಕಿತು.

ಇಷ್ಟು ಕಂಡ ಮೇಲಾದರೂ ಮರ ಇನ್ನೂ ಬದುಕಿದೆ ಅನ್ನುವುದು ಹೊಳೆಯಬೇಕಿತ್ತು. ನಮ್ಮ ಪಾಯಿಂಟಿಗೆ ಹೊಳೆದದ್ದು ಬೇರೆ. ನೂರು ವರ್ಷ ಒಣಗಿದ ಮರ, ಇನ್ನು ಇದು ಉಕ್ಕಿನ ಹಾಗೆ, ಒಂದು ಕೂದಲೂ ಅಲ್ಲಾಡುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡ.

ಮೊದಲ ಎರಡು ವಾರ ತೋಪಡ ಅವನ ಮಾತು ಕೇಳಲಿಲ್ಲ. ಮರ ಕಚ್ಚುತ್ತಿತ್ತು, ಕಿತ್ತು ಬರುತ್ತಿತ್ತು. ಒಂದು ಬೆಳಿಗ್ಗೆ ತೋಪಡದ ಅಲಗನ್ನು ಮಸೆದು ಮಸೆದು ಸಾಕಾಗಿ, ಬಿಗಿ ಹಿಡಿದಿದ್ದ ಕೈಯನ್ನು ಸಡಿಲ ಬಿಟ್ಟು ತಳ್ಳಿದ. ಸುಯ್ ಎಂದು ಒಂದು ಹೆರೆ ಸುರುಳಿ ಸುತ್ತಿಕೊಂಡು ಎದ್ದು ಬಂತು, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದೆ. ಅದನ್ನು ದಿನಪತ್ರಿಕೆಯ ಮೇಲೆ ಹಾಸಿದರೆ ಅಕ್ಷರ ಓದಬಹುದಿತ್ತು. ಮೈಕ್ರೋಮೀಟರಿಗೆ ಹಿಡಿದ. ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ಕರೆಂಟಿಲ್ಲ, ಯಂತ್ರವಿಲ್ಲ, ತೀರಿಹೋದ ಒಬ್ಬರ ಉಪಕರಣ, ತನ್ನ ಎರಡು ಕೈ. ಅವನ ಕಣ್ಣು ತೇವವಾಯಿತು. ಹೊಟ್ಟು ಬಿತ್ತು ಎಂದು ಹೆಂಡತಿಗೆ ಹೇಳಿದ.

ಏಪ್ರಿಲ್ ಕೊನೆಗೆ ಗೂಡು ಮುಗಿಯಿತು. ಎದೆಯೆತ್ತರದ ಗೂಡು, ಚೌಕಟ್ಟಿನ ಒಳಗೆ ಕೂರುವ ಜೋಡಿ ಬಾಗಿಲು. ಒಂದೊಂದು ಬಾಗಿಲೂ ಅಗಲದಲ್ಲಿ ಸರಿಯಾಗಿ ಮುನ್ನೂರು ಮಿಲಿಮೀಟರು. ಕೀಲುಗಳನ್ನು ಹೊರಗೆ ಕಾಣದ ಹಾಗೆ ಮರದೊಳಗೇ ಅಡಗಿಸಿದ್ದ. ಬಾಗಿಲು ಮುಚ್ಚಿ, ಎರಡರ ನಡುವೆ ಸಿಗರೇಟಿನ ತೆಳು ಹಾಳೆ ತೂರಿಸಲು ನೋಡಿದ. ಹಾಳೆ ಹೋಗಲಿಲ್ಲ. ಅವತ್ತು ರಾಗಿಮುದ್ದೆ ಒಂದು ಹೆಚ್ಚೇ ಉಂಡ.

ಪೂರ್ಣಿಮೆಗೆ ಐದು ದಿನ ಮುಂಚೆ ಗೂಡನ್ನು ವಿಹಾರಕ್ಕೆ ಸಾಗಿಸಿದರು. ಹೊಸ ಗಾರೆ ಇನ್ನೂ ಹಸಿಯಾಗಿತ್ತು. ಅದೇ ಮಧ್ಯಾಹ್ನ ಮಳೆ ಹಿಡಿಯಿತು, ಐದು ದಿನವೂ ಬಿಡಲಿಲ್ಲ. ಪೂರ್ಣಿಮೆಯ ಹಿಂದಿನ ಸಂಜೆ ಆಂಜನಮ್ಮನ ಅಡಿಗೆಮನೆಯಿಂದ ಬುದ್ಧನನ್ನು ತಂದು, ವಿಹಾರದ ಕಾರ್ಯದರ್ಶಿ ನರೇಶ್ ಗೂಡಿನಲ್ಲಿ ಕೂರಿಸಿದ. ತೆರೆದೇ ಇಟ್ಟಿದ್ದ ಬಾಗಿಲನ್ನು ಮುಚ್ಚಹೋದರೆ ಅರ್ಧಕ್ಕೆ ನಿಂತಿತು. ವೆಂಕಟಸ್ವಾಮಿ ಅಂಗೈಯಿಂದ ಒಂದು ಗುದ್ದು ಕೊಟ್ಟು ಕೂರಿಸಿದ. "ನೋಡು ನರೇಶ, ಫಿಟ್ಟು ಅಂದ್ರೆ ಇದು," ಅಂದ. ಎಂಥ ಬುದ್ಧಿ ನೋಡಿ.

ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂದಿತ್ತು. ಬಿಳಿ ಬಟ್ಟೆ ತೊಟ್ಟ ಜನ ವಿಹಾರದಲ್ಲಿ ಕಿಕ್ಕಿರಿದಿದ್ದರು. ವಂದನೆ ಮುಗಿದು, ಆಂಜನಮ್ಮ ತಡವರಿಸುತ್ತಾ ಬಂದು ಹಿತ್ತಾಳೆಯ ಗುಬುಟು ಹಿಡಿದು ಎಳೆದರು. ಬಾಗಿಲು ಬರಲಿಲ್ಲ. ಪಾಪ, ವಯಸ್ಸಾದ ಕೈ ಎಂದು ಎಲ್ಲರೂ ಅಂದುಕೊಂಡರು. ವೆಂಕಟಸ್ವಾಮಿ ಮುಂದೆ ಬಂದು ತಾನೇ ಜಗ್ಗಿದ. ಗುಬುಟು ಕಿತ್ತು ಅವನ ಕೈಗೆ ಬಂತು.

ಕೀಲು ಬಿಚ್ಚೋಣವೆಂದರೆ ಅದನ್ನು ಹೊರಗೆ ಕಾಣದಂತೆ ಅಡಗಿಸಿದ್ದವನು ಅವನೇ.

"ಮಾವ, ಟೈಮಾಯ್ತು. ಒಡೆದು ತೆಗೆದ್ಬಿಡೋಣ್ವಾ?" ಎಂದು ನರೇಶ್ ಮೆಲ್ಲಗೆ ಕೇಳಿದ.

ಆಂಜನಮ್ಮ ಬಾಗಿಲ ಕಡೆಯೇ ಮುಖ ಮಾಡಿ ನಿಂತಿದ್ದರು. ಅವರಿಗೆ ಇವತ್ತು ತೋರಿಸದಿದ್ದರೆ ಇನ್ನೊಂದು ಪೂರ್ಣಿಮೆಗೆ ಆ ಕಣ್ಣು ಇರುವುದಿಲ್ಲ. ವೆಂಕಟಸ್ವಾಮಿ ಓಡಿಹೋಗಿ ಉಳಿ, ಕೊಡತಿ ತಂದ. ಉಳಿಯನ್ನು ಬಾಗಿಲ ನಡುವೆ ಇಟ್ಟು ಕೊಡತಿ ಎತ್ತಿದ.

"ನಿಲ್ಲಿ ಸಾರ್," ಅಂದಿತು ಒಂದು ದನಿ. ಅವನೇ ಕರೆದಿದ್ದ ವಾಜಿದಾ ಆಟೋ ಇಳಿದು, ಬೇಕರಿ ಬಿಸ್ಕತ್ತಿನ ಪೊಟ್ಟಣ ಹಿಡಿದು ವಿಹಾರದ ಬಾಗಿಲಲ್ಲಿ ನಿಂತಿದ್ದರು. ಹತ್ತಿರ ಬಂದು, ಮಗುವಿನ ಜ್ವರ ನೋಡುವ ಹಾಗೆ ಮುಂಗೈಯಿಂದ ಗೂಡಿನ ಬಾಗಿಲನ್ನು ಮುಟ್ಟಿದರು. ಸಿಗರೇಟು ಹಾಳೆಯೂ ತೂರದ ಆ ಗೆರೆಯನ್ನು ನೋಡಿದರು.

"ಆ ಚಕ್ಕೆ ಎಲ್ಲಿ ಸಾರ್?"

ಮೇಜಿನ ಕಾಲಿನ ಅಡಿಯಲ್ಲಿದೆ ಎಂದು ಅವನು ಹೇಳಿದ. ಅವರು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಮಳೆ ಬಂದ್ರೆ ಮರ ನೀರು ಕುಡಿಯುತ್ತೆ, ಅಗಲ ಆಗುತ್ತೆ. ಅದಕ್ಕೆ ಜಾಗ ಬಿಡಬೇಕು. ಅದೇ ಮಳೆ ಪಾಲು. ನೀವು ಬಿಟ್ಟಿಲ್ಲ, ಅದು ಎಲ್ಲಿಗೆ ಹೋಗ್ಬೇಕು," ಅಂದರು ವಾಜಿದಾ. "ಈಗ ಹೊಡೆದ್ರೆ ಸೀಳಿಹೋಗುತ್ತೆ. ಬಿಸಿಲಿಗೆ ಇಡಿ. ಕುಡಿದಿದ್ದನ್ನ ಬಿಟ್ರೆ ತಾನೇ ಬಾಗಿಲು ಕೊಡುತ್ತೆ."

ವೆಂಕಟಸ್ವಾಮಿ ಉಳಿ ಕೆಳಗಿಟ್ಟು ಜನರ ಕಡೆ ತಿರುಗಿದ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಬಾಯಿಂದ ಬರದ ಮಾತು ಈಗ ಬಂತು.

"ತಪ್ಪು ನಂದು. ಈ ಅಮ್ಮ ಹೇಳೋಕೆ ಬಂದ್ರು, ನಾನೇ ಕೇಳಿಸ್ಕೊಳ್ಲಿಲ್ಲ," ಅಂದ. "ಆಂಜನಮ್ಮಾ, ಕಾಯಬೇಕಾಗುತ್ತೆ. ಎಷ್ಟೊತ್ತು ಅಂತ ನನಗೂ ಗೊತ್ತಿಲ್ಲ."

"ಮೂವತ್ತೊಂದು ವರ್ಷ ನನ್ನ ಅಡಿಗೆಮನೇಲಿ ಹೊಗೆ ಕುಡ್ಕೊಂಡು ಕೂತಿದ್ರು," ಅಂದರು ಆಂಜನಮ್ಮ. "ಇನ್ನೊಂದು ಗಳಿಗೆ ಕೂತ್ರೆ ಏನಾಯ್ತು. ನನಗೊಂದು ಕುರ್ಚಿ ಹಾಕ್ರೋ."

ಎಂಟು ಜನ ಗೂಡನ್ನು ಹಾಗೇ ಎತ್ತಿ ಅಂಗಳಕ್ಕೆ ತಂದು ಬಿಸಿಲಿಗೆ ಮುಖ ಮಾಡಿ ಇಟ್ಟರು. ಎರಡು ಪ್ಲಾಸ್ಟಿಕ್ ಕುರ್ಚಿ ಬಂದವು. ಒಂದರಲ್ಲಿ ಆಂಜನಮ್ಮ, ಇನ್ನೊಂದರಲ್ಲಿ ವಾಜಿದಾ. ಇಬ್ಬರೂ ಬಿಸ್ಕತ್ತು ತಿನ್ನುತ್ತಾ ತೀರಿಹೋದ ಗಂಡಂದಿರ ದೂರು ಹೇಳಿಕೊಂಡರು. ಒಂದು ಗಂಟೆ ಆಯಿತು. ಹಲಸೂರು ಕೆರೆಯ ಕಡೆಯಿಂದ ಮೋಡ ಏಳುತ್ತಿತ್ತು. ವೆಂಕಟಸ್ವಾಮಿ ಒಮ್ಮೆ ಮೋಡ, ಒಮ್ಮೆ ಬಾಗಿಲು ನೋಡುತ್ತಾ ನಿಂತ. ಅಳೆಯಲು ಅವನ ಬಳಿ ಏನೂ ಇರಲಿಲ್ಲ, ಮಾಡಲು ಏನೂ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ವಸ್ತುವಿನ ಮುಂದೆ ಅದರ ಮನಸ್ಸು ಕಾಯುತ್ತಾ ನಿಂತಿದ್ದ.

ಆಂಜನಮ್ಮ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು ಅಂಗೈಯನ್ನು ಬಾಗಿಲ ಮೇಲಿಟ್ಟರು. ಎರಡನೇ ಗಂಟೆ ಮುಗಿಯುತ್ತಾ ಬಂದಿತ್ತು. ಅಂಗಳದ ಮಕ್ಕಳು ಕೂಡ ಗೂಡಿನ ಸುತ್ತ ಬಂದು ಕೂತಿದ್ದರು.

ಟಕ್ ಎಂದಿತು.

ಯಾರೂ ಮುಟ್ಟಿರಲಿಲ್ಲ. ಬಲಗಡೆಯ ಬಾಗಿಲು ತಾನಾಗಿ ಒಂದು ಬೆರಳಷ್ಟು ಹೊರಗೆ ಬಂದು ನಿಂತಿತು. ನೂರು ವರ್ಷದ ಹಿಂದೆ ಕಡಿದ ಮರ, ಇಡೀ ಬೀದಿಯ ಕಣ್ಣೆದುರು ಅಲುಗಾಡಿತ್ತು.

"ಉಸಿರು ಬಿಡ್ತು ನೋಡು," ಅಂದರು ಆಂಜನಮ್ಮ. ಆ ಸಂದಿಗೆ ಬೆರಳು ಹಾಕಿ ಒಂದು ಬಾಗಿಲು ತೆಗೆದರು, ಆಮೇಲೆ ಇನ್ನೊಂದು. ಬೆಚ್ಚನೆಯ ತೇಗದ ವಾಸನೆ ಎಲ್ಲರ ಮುಖಕ್ಕೂ ಬಡಿಯಿತು. ಆಂಜನಮ್ಮ ಬುದ್ಧನಿಗೆ ಒಂದು ಗೇಣು ದೂರದವರೆಗೆ ಮುಖ ತಂದು, ಬಲಗಣ್ಣು ಅಗಲಿಸಿ ನೋಡಿದರು. ಬಿಸಿಲು ನೇರವಾಗಿ ಒಳಗೆ ಬಿದ್ದಿತ್ತು. ವಿಹಾರದ ಒಳಗಿನ ಮಬ್ಬಿನಲ್ಲಿ ಬಾಗಿಲು ಸಲೀಸಾಗಿ ತೆರೆದಿದ್ದರೆ ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ ಎಂದು ವೆಂಕಟಸ್ವಾಮಿಗೆ ಆಗ ಹೊಳೆಯಿತು.

"ಕಾಣ್ತಾರೆ," ಅಂದರು. "ನಗ್ತಾ ಇದ್ದಾರೆ. ಅಡಿಗೆಮನೇಲಿ ಇದು ಕಂಡೇ ಇರ್ಲಿಲ್ಲ."

ಮಧ್ಯಾಹ್ನ ವಾಜಿದಾ ಶೆಡ್ಡು ನೋಡಬೇಕೆಂದು ಬಂದರು. ಗೋಡೆಯ ಮೇಲೆ ಗಂಡನ ಉಪಕರಣಗಳು ತಂತಮ್ಮ ಕಪ್ಪು ಆಕಾರದ ಮೇಲೆ ತೂಗುವುದನ್ನು ಬಹಳ ಹೊತ್ತು ನೋಡಿದರು. ವೆಂಕಟಸ್ವಾಮಿ ನೆಲದ ಮೇಲೆ ಮಂಡಿಯೂರಿ, ಮೇಜಿನ ಅಡಿಯಿಂದ ಚಕ್ಕೆ ತೆಗೆದು, ಅಂಗಿಗೆ ಒರೆಸಿ ಬೆಳಕಿಗೆ ಹಿಡಿದ. ಎರಡು ಕಡೆ ಸಣ್ಣ ಗೆರೆ ಇತ್ತು, ಪಕ್ಕದಲ್ಲಿ ಮಾಸಿದ ಉರ್ದು ಅಕ್ಷರ.

"ದಪ್ಪ ಕಡೆ ಇರೋದು ಬೇಸಿಗೆ. ಬೇಸಿಗೇಲಿ ಮಾಡಿದ್ರೆ ಒಂದಡಿ ಅಗಲದ ಒಂದೊಂದು ಬಾಗಿಲಿಗೂ ಅಷ್ಟು ಸಂದು ಬಿಡ್ಬೇಕು. ತೆಳು ಕಡೆ ಮಳೆಗಾಲದ್ದು," ಅಂದರು ವಾಜಿದಾ. "ನಮ್ಮನೆಯೋರಿಗೆ ಓದು ಬರ್ತಿರ್ಲಿಲ್ಲ. ಅವರು ಗೆರೆ ಹಾಕಿದ್ರು, ಅಕ್ಷರ ನಾನು ಬರೆದೆ. ಮದುವೆ ಆದ ವರ್ಷ."

ಅವನು ಬೇಸಿಗೆಯ ಗೆರೆಯನ್ನು ಮೈಕ್ರೋಮೀಟರಿಗೆ ಹಿಡಿದ. ಎರಡು ಪಾಯಿಂಟ್ ಎರಡು ಮಿಲಿಮೀಟರು.

"ಇಷ್ಟೊಂದಾ ಅಮ್ಮಾ?"

"ಆಷಾಢ ಬರ್ಲಿ. ಆಗ ಅಳೀರಿ."

ಬಾಗಿಲನ್ನು ತೆರೆದೇ ಇಟ್ಟರು. ಪ್ರತಿ ಭಾನುವಾರ ವೆಂಕಟಸ್ವಾಮಿ ವಿಹಾರಕ್ಕೆ ಹೋಗಿ ಬಾಗಿಲ ಅಗಲ ಅಳೆದು ಬಂದ. ಮುನ್ನೂರು ಇದ್ದದ್ದು ಮುನ್ನೂರ ಒಂದಾಯಿತು. ಜೂನಿನಲ್ಲಿ ಇನ್ನೂ ಬೆಳೆಯಿತು. ಸತ್ತಿದೆ ಎಂದುಕೊಂಡಿದ್ದ ಮರ ಭಾನುವಾರದಿಂದ ಭಾನುವಾರಕ್ಕೆ ಅಗಲವಾಗುವುದನ್ನು ನೋಡಿ, ಬಸುರಿ ಮಗಳನ್ನು ನೋಡಿ ಬಂದವನ ಹಾಗೆ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಜುಲೈ ಮೂರನೇ ಭಾನುವಾರ ಅದು ನಿಂತಿತು. ಎರಡು ಬಾಗಿಲೂ ಮುನ್ನೂರ ಎರಡು ಪಾಯಿಂಟ್ ಒಂದು.

ನಯಾಜ್ ಮೇಸ್ತ್ರಿ ಬಿಟ್ಟಿದ್ದ ಜಾಗ ಎರಡು ಪಾಯಿಂಟ್ ಎರಡು. ಓದು ಬಾರದ ಒಬ್ಬ ಮನುಷ್ಯ, ಐವತ್ತು ವರ್ಷದ ಹಿಂದೆ, ಇನ್ನೂ ಬಾರದ ಮಳೆಯನ್ನು ಕೂದಲೆಳೆಯ ಮಟ್ಟಿಗೆ ಅಳೆದಿಟ್ಟಿದ್ದ. ವೆಂಕಟಸ್ವಾಮಿ ವಿಹಾರದ ನೆಲದ ಮೇಲೆ ಕೂತುಬಿಟ್ಟ. ಏಳಲು ಮನಸ್ಸಾಗಲಿಲ್ಲ.

ಆಮೇಲೆ ತೋಪಡ ತಂದು ಎರಡು ಬಾಗಿಲ ಅಂಚನ್ನೂ ಹೆರೆದ. ಮಳೆಗಾಲವಾದ್ದರಿಂದ ಚಕ್ಕೆಯ ತೆಳು ತುದಿಯನ್ನು ಹಿಡಿದು ಸಂದು ನೋಡಿದ. ಬೇಸಿಗೆಯಲ್ಲಿ ಆ ಸಂದು ದೊಡ್ಡದಾಗಿ ಎಲ್ಲರಿಗೂ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಇಷ್ಟು ಬಿಟ್ರೆ ಊಟ ಸೇರುತ್ತೇನ್ರೀ?" ಎಂದು ಮುನಿಲಕ್ಷ್ಮಮ್ಮ ಕೇಳಿದಳು.

"ಸೇರುತ್ತೆ," ಅಂದ. ಶೆಡ್ಡಿಗೆ ಹೋಗಿ, ಗೋಡೆಯ ಹಲಗೆಯ ನಟ್ಟನಡುವಿನಿಂದ ಮೈಕ್ರೋಮೀಟರನ್ನು ಪಕ್ಕಕ್ಕೆ ಸರಿಸಿದ. ಅಲ್ಲಿ ಬೆರಳುದ್ದದ ಒಂದು ಆಕಾರ ಬರೆದು, ಮೊಳೆ ಹೊಡೆದು, ಚಕ್ಕೆಯನ್ನು ತೂಗುಹಾಕಿದ. ಮೇಜು ಅಂದಿನಿಂದ ಅಲುಗಾಡುತ್ತಲೇ ಇದೆ.